ಮೂವತ್ತನೆಯ ವರ್ಷದ ಮುತ್ತು

ಮುಂಬಯಿಯ ಮಾಟುಂಗದಲ್ಲಿರುವ ನನ್ನ ಅಂಗಡಿಗೆ, ತಂದೆತಾಯಿಯ ಮದುವೆಯ ವಾರ್ಷಿಕೋತ್ಸವಕ್ಕೆಂದು ಉಡುಗೊರೆ ಕೊಳ್ಳಲು ಬರುವ ಮಕ್ಕಳು ಮೊಬೈಲಿನಲ್ಲಿ ಪಟ್ಟಿ ಹಿಡಿದೇ ಬರುತ್ತಾರೆ: 30ಕ್ಕೆ ಮುತ್ತು, 35ಕ್ಕೆ ಹವಳ, 40ಕ್ಕೆ ಮಾಣಿಕ್ಯ, 45ಕ್ಕೆ ನೀಲ, 50ಕ್ಕೆ ಚಿನ್ನ. ನಮ್ಮ ಷಷ್ಟ್ಯಬ್ದಿ ಗಂಡನ ವಯಸ್ಸನ್ನು ಎಣಿಸುತ್ತದೆಯೇ ಹೊರತು ಮದುವೆಯ ವರ್ಷಗಳನ್ನಲ್ಲ. ಈ ಪಟ್ಟಿ ಪಶ್ಚಿಮದ್ದು. ಮೊದಲು 75ಕ್ಕೆ ಮೀಸಲಾಗಿದ್ದ ವಜ್ರ 60ಕ್ಕೂ ಸಲ್ಲತೊಡಗಿದ್ದು, 1897ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ 60 ವರ್ಷಗಳನ್ನು ವಜ್ರಮಹೋತ್ಸವವಾಗಿ ಆಚರಿಸಿದ ಮೇಲೆ. ಪಟ್ಟಿಯ ಬಗ್ಗೆ ನನಗೆ ತಕರಾರಿಲ್ಲ, ನನ್ನ ಹೊಟ್ಟೆಪಾಡೂ ಅದರಲ್ಲಿದೆ. ತಕರಾರಿರುವುದು, ಮುತ್ತನ್ನು ದಿನವೂ ತೊಡುವ ಉಂಗುರದಲ್ಲಿ ಕೂರಿಸಿಕೊಡಿ ಎಂಬ ಹಟದ ಬಗ್ಗೆ.

ಮುತ್ತು ಕಲ್ಲಲ್ಲ. ಮಾಣಿಕ್ಯ, ನೀಲಗಳ ಗಡಸುತನ 1ರಿಂದ 10ರವರೆಗಿನ ಮೋಸ್ ಮಾಪನದಲ್ಲಿ 9 ಇದ್ದರೆ ಮುತ್ತು, ಹವಳಗಳದ್ದು 3ರ ಆಸುಪಾಸು. ಇವೆರಡರಲ್ಲೂ ಇರುವುದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಮೊಟ್ಟೆಯ ಚಿಪ್ಪಿನಲ್ಲಿರುವ ವಸ್ತುವೇ. ಹುಳಿ ತಾಗಿದರೆ ಅದು ಕರಗುತ್ತದೆ. ಒಂದು ಸಲ ತಾಗಿದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಬೆವರು, ಸುಗಂಧದ್ರವ್ಯ, ನಿಂಬೆ, ಹುಣಸೆ ಇವೆಲ್ಲ ದಿನವೂ ತಾಗುತ್ತಿದ್ದರೆ ಮೇಲಿನ ಹೊಳಪಿನ ಪದರವೇ ಸವೆಯುತ್ತದೆ.

ಕಳೆದ ವರ್ಷ ಧಾರವಾಡದ ಕಡೆಯ ತಾಯಿಯೊಬ್ಬರನ್ನು ಮಗ ಕರೆತಂದು, ನಾನು ಕೊಟ್ಟ ಮುತ್ತು ನಕಲಿಯೆಂದು ಮೆಲ್ಲಗೆ ಆರೋಪಿಸಿದರು. ಭೂತಗನ್ನಡಿಯಲ್ಲಿ ನೋಡಿದೆ: ಅಂಗೈಯ ಕಡೆಗಿದ್ದ ಬದಿಯಲ್ಲಿ ಇನ್ನೂ ಕಾಂತಿಯಿತ್ತು, ಮೇಲ್ಭಾಗ ಮಾತ್ರ ಸುಣ್ಣದಂತೆ ಬೆಳ್ಳಗಾಗಿತ್ತು. ಮುತ್ತು ಮಂಕಾಗಲು ಬೇರೆ ಕಾರಣಗಳೂ ಇರಬಹುದಾದ್ದರಿಂದ, ಹುಣಸೆಹಣ್ಣು ಕಿವುಚುವಾಗ ಉಂಗುರ ತೆಗೆಯುತ್ತೀರಾ ಎಂದು ಕೇಳಿದೆ. "ಮಗ ಕೊಟ್ಟದ್ದು ತಗದಿಡಾಕ ಮನಸ ಹ್ಯಾಂಗ ಬರತೈತ್ರಿ?" ಎಂದರು. ಅವರನ್ನು ಗದರಲು ನನಗೂ ಮನಸ್ಸು ಬರಲಿಲ್ಲ.

ಮುತ್ತೇ ಬೇಕೆಂದಿದ್ದರೆ ಓಲೆಯಲ್ಲೋ ಸರದಲ್ಲೋ ಕೊಡಿ. ಅಲಂಕಾರವೆಲ್ಲ ಮುಗಿದ ಮೇಲೆ ತೊಟ್ಟು, ಬಂದೊಡನೆ ಮೊದಲು ಅದನ್ನೇ ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿಡುವುದು ಸಾಕು. ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಬೇಡಿ. ಉಂಗುರವೇ ಬೇಕಾದರೆ 40ರವರೆಗೆ ಕಾಯಿರಿ, ಆದರೆ ಮಾಣಿಕ್ಯದ ಬಿರುಕುಗಳಿಗೆ ಗಾಜು ತುಂಬಿಲ್ಲವೆಂದು ಪ್ರಯೋಗಾಲಯದ ಪ್ರಮಾಣಪತ್ರ ಕೇಳಿ, ಏಕೆಂದರೆ ಆ ಗಾಜನ್ನೂ ನಿಂಬೆರಸ ತಿನ್ನಬಲ್ಲದು.

ಆ ತಾಯಿಗೆ ಹೊಸ ಮುತ್ತುಗಳನ್ನು ಓಲೆಯಲ್ಲಿ ಕೂರಿಸಿಕೊಟ್ಟೆ. ಮಗ ಮೆಟ್ಟಿಲಿಳಿಯುವ ಮೊದಲು ಹಿಂತಿರುಗಿ, 35ಕ್ಕೆ ಹವಳದ ಉಂಗುರವಾದರೆ ಅಡ್ಡಿಯಿಲ್ಲವಲ್ಲ ಎಂದು ಕೇಳಿದರು.