ಮನೆಯೆತ್ತರದ ರಬ್ಬರ್ ಸೀಲು

1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇಷ್ಟು ಬ್ಯಾಂಕುಗಳನ್ನು ಹೆತ್ತ ಮಂಗಳೂರು–ಉಡುಪಿ ಸೀಮೆಯವರಿಗೆ ರಬ್ಬರ್ ಸೀಲಿನ ಮಹಿಮೆಯನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಸೀಲು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಎಂಟು ಮೀಟರಿಗೂ ಎತ್ತರದ ಲೋಹದ ಶಿಲ್ಪವಾಗಿದೆ.

ಮಾಡಿದವರು ಕ್ಲಾಸ್ ಓಲ್ಡನ್‌ಬರ್ಗ್ ಮತ್ತು ಅವರ ಪತ್ನಿ ಕೋಸ್ಯ ವಾನ್ ಬ್ರುಗೆನ್. 1960ರ ದಶಕದ ಪಾಪ್ ಕಲಾವಿದರು ಅಂಗಡಿ, ಅಡುಗೆಮನೆ, ಕಚೇರಿಗಳ ಸಾಮಾನನ್ನೇ ಕಲೆಗೆ ತಂದರು. ಓಲ್ಡನ್‌ಬರ್ಗ್ ಅವರಲ್ಲಿ ಪ್ರಮುಖರು. 1963ರ ಅವರ ‘ಮೆತ್ತನೆಯ ಟೈಪ್‌ರೈಟರ್’ ವಿನೈಲ್ ಹೊದಿಕೆಯೊಳಗೆ ಬೂರುಗದ ಜಾತಿಯ ಹತ್ತಿ ತುಂಬಿದ್ದು. ಹಳೆಯ ದಿಂಬಿನಂತೆ ಕುಸಿದು ಕುಳಿತಿದೆ. ಟೈಪಿಂಗ್‌ನ ಜೂನಿಯರ್, ಸೀನಿಯರ್ ಪರೀಕ್ಷೆಗೆಂದು ಬೆರಳು ನೋಯಿಸಿಕೊಂಡವರಿಗೆ ಸೇಡು ತೀರಿದಂತೆ ಕಂಡೀತು!

ಓಲ್ಡನ್‌ಬರ್ಗ್ ಬಾಲ್ಯದಲ್ಲಿ ತಂದೆಯ ಕಚೇರಿಯಲ್ಲಿ ಟೈಪಿಂಗ್ ತಪ್ಪು ಅಳಿಸುವ, ಬ್ರಷ್ಷು ಜೋಡಿಸಿದ ಗಾಲಿಯಾಕಾರದ ರಬ್ಬರಿನೊಂದಿಗೆ ಆಡುತ್ತಿದ್ದರು. 1999ರ ಹೊತ್ತಿಗೆ ದಂಪತಿ ಅದನ್ನು ಸುಮಾರು ಆರು ಮೀಟರ್ ಎತ್ತರಕ್ಕೆ ಬೆಳೆಸಿದರು. ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಸಂಗ್ರಹಾಲಯದ ತೋಟದಲ್ಲಿ ಅದರ ಬ್ರಷ್ಷಿನ ನೀಲಿ ಎಳೆಗಳು ಗಾಳಿಗೆ ಸಿಕ್ಕಂತೆ ಬಾಗಿ ನಿಂತಿವೆ. ಅಷ್ಟರಲ್ಲಿ ಅಸಲಿ ವಸ್ತು ಮೇಜುಗಳಿಂದ ಮಾಯವಾಗಿತ್ತು.

ಸೀಲಿನ ಕತೆ ಇನ್ನೂ ತಮಾಷೆಯದು. ಒಹಾಯೋದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ತನ್ನ ಹೊಸ ಪ್ರಧಾನ ಕಚೇರಿಯ ಮುಂದೆ ನಿಲ್ಲಿಸಲು ಅದನ್ನು ಮಾಡಿಸಿತು. ಎದುರಿಗೆ ಗುಲಾಮಗಿರಿಯನ್ನು ಕೊನೆಗೊಳಿಸಿದ ಅಮೆರಿಕದ ಅಂತರ್ಯುದ್ಧದ ಸ್ಮಾರಕವಿದ್ದುದರಿಂದ ಸೀಲಿನಲ್ಲಿದ್ದ ‘ಫ್ರೀ’ ಎಂಬ ಒಂದೇ ಪದಕ್ಕೆ ಗುಲಾಮರ ಬಿಡುಗಡೆಯ ನೆನಪೂ ಅಂಟಿಕೊಂಡಿತ್ತು. ಅಷ್ಟರಲ್ಲಿ ಕಂಪನಿ ಬ್ರಿಟಿಷ್ ಪೆಟ್ರೋಲಿಯಂ ಕೈಸೇರಿತು. ಹೊಸ ಆಡಳಿತಕ್ಕೆ ಸೀಲು ಬೇಡವಾಯಿತು. ವರ್ಷಗಟ್ಟಲೆ ಗೋದಾಮಿನಲ್ಲಿದ್ದ ಅದು ಕೊನೆಗೆ ನಗರಕ್ಕೆ ದಾನವಾಗಿ 1991ರಲ್ಲಿ ವಿಲ್ಲರ್ಡ್ ಪಾರ್ಕ್ ಸೇರಿತು. ನೆಟ್ಟಗೆ ನಿಲ್ಲಬೇಕಿದ್ದುದನ್ನು ಯಾರೋ ಸಿಟ್ಟಿನಿಂದ ಎಸೆದಂತೆ ಪಕ್ಕಕ್ಕೆ ಮಲಗಿಸಲಾಗಿದೆ. ತಿರಸ್ಕಾರವನ್ನೇ ವಿನ್ಯಾಸದೊಳಗೆ ಸೇರಿಸಿಕೊಂಡ ಈ ಜಾಣತನಕ್ಕಾಗಿಯೇ ನನಗೆ ಅದು ಇಷ್ಟ.

ಕಂಪನಿಯ ಒಡೆತನ ಬದಲಾದರೆ ಸೀಲಿನ ಗತಿ ಏನೆಂಬುದು ಕರಾವಳಿಗೂ ಗೊತ್ತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ. ಮಂಗಳೂರಿನ ಯಾವುದಾದರೂ ವೃತ್ತಕ್ಕೆ ಮುಂದೆ ಶಿಲ್ಪ ಬೇಕೆಂದಾದರೆ ಒಂದು ಬ್ಯಾಂಕ್ ಸೀಲನ್ನೇ ಇಡಬಹುದು. ಯಾವ ಬ್ಯಾಂಕಿನದೆಂಬ ಜಗಳ ಬೇಡವೆಂದರೆ ಅದರ ಮೇಲೆ ‘ಪಾವತಿಸಿದೆ’ ಎಂದಷ್ಟೇ ಇರಲಿ.