ವೈನ್ ಹುಳಿಯಾದರೆ ಮೊದಲು ನಲ್ಲಿ ಬಿಚ್ಚಿ ನೋಡಿ

ಕಳೆದ ನವೆಂಬರ್‌ನಲ್ಲಿ ಮಂಗಳೂರಿನ ಕುಲಶೇಖರದ ಒಬ್ಬರು ಆಂಟಿ ನಮ್ಮ ಲ್ಯಾಬಿಗೆ ಒಂದು ಬಾಟಲಿ ತಂದರು. ಕ್ರಿಸ್‌ಮಸ್‌ಗೆಂದು ಹಾಕಿಟ್ಟ ದ್ರಾಕ್ಷಿ ವೈನ್. ಮುಚ್ಚಳ ತೆಗೆದದ್ದೇ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. "ಡ್ರಮ್ಮನ್ನು ಎರಡೆರಡು ಸಲ ತೊಳೆದಿದ್ದೆ ಪುತಾ, ಮತ್ತೆ ಹೇಗೆ ಹಾಳಾಯಿತು?" ಎಂದು ಕೇಳಿದರು. ಹಳೆ ಭರಣಿ ಭಾರ ಅಂತ ಎರಡು ವರ್ಷದಿಂದ ನಲ್ಲಿ ಇರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ವೈನ್ ಹಾಕುತ್ತಿದ್ದರಂತೆ.

ಡ್ರಮ್ಮನ್ನೇ ತರಿಸಿದೆ. ಒಳಗೆ ಕೊಳೆಯೇ ಕಾಣುತ್ತಿರಲಿಲ್ಲ. ನಲ್ಲಿಯನ್ನು ತಿರುಗಿಸಿ ಬಿಚ್ಚಿದೆ. ರಬ್ಬರ್ ವಾಷರಿನ ಹಿಂದೆ ಹೋದ ವರ್ಷದ ದ್ರಾಕ್ಷಿಯ ನೇರಳೆ ಅಂಟು ಹಾಗೇ ಕೂತಿತ್ತು. ವೈನನ್ನು ವಿನೆಗರ್ ಮಾಡುವ ಅಸಿಟೋಬ್ಯಾಕ್ಟರ್‌ಗೆ ಅಡಗಲು ಅಷ್ಟು ಜಾಗ ಸಾಕು. ಅದು ಬೆಳೆಯಲು ಗಾಳಿ ಬೇಕು. ದಿನಾ ಮುಚ್ಚಳ ತೆಗೆದು ಕಲಕುವಾಗ ಅದೂ ಸಿಕ್ಕಿತು.

ಪಾತ್ರೆಯಲ್ಲಿ ಏನು ಉಳಿದಿದೆಯೋ ಅದೇ ರಸದ ಹಣೆಬರಹ ಬರೆಯುತ್ತದೆ. ಇದು ಮರ ಹತ್ತಿ ಕಳ್ಳು ಇಳಿಸುವ ನಮ್ಮ ಮೂರ್ತೆದಾರರಿಗೆ ಚೆನ್ನಾಗಿ ಗೊತ್ತು. ಮರದ ರಸ ಸಿಹಿಯಾಗಿಯೇ ಇರಬೇಕೆಂದರೆ ಮಡಕೆಯ ಒಳಗೆ ಸುಣ್ಣ ಬಳಿದು ಕಟ್ಟುತ್ತಾರೆ. ಸುಣ್ಣದ ಕ್ಷಾರದಲ್ಲಿ ಯೀಸ್ಟ್ ಕೆಲಸ ಮಾಡುವುದಿಲ್ಲ. ಸುಣ್ಣವಿಲ್ಲದ ಹಳೆ ಮಡಕೆಯಲ್ಲಿ ರಸ ಮರದ ಮೇಲಿರುವಾಗಲೇ ಕಳ್ಳಾಗಲು ಶುರು.

ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ. ತೊಳೆದಾಗ ಕಣ್ಣಿಗೆ ಕಾಣುವ ಕೊಳೆ ಹೋಗುತ್ತದೆ. ಸ್ಯಾನಿಟೈಸ್ ಮಾಡಿದಾಗ ಕಾಣದ ಜೀವಿಗಳು ಸಾಯುತ್ತವೆ. ಕೊಳೆಯ ಮೇಲೆ ಎಂಥ ದುಬಾರಿ ದ್ರಾವಣ ಸುರಿದರೂ ಅದು ಕೊಳೆಯ ಅಡಿಗೆ ಇಳಿಯುವುದಿಲ್ಲ. ಹಾಳಾದ ವೈನ್ ತರುವವರಲ್ಲಿ ಹೆಚ್ಚಿನವರು "ಯಾವ ಕೆಮಿಕಲ್ ಹಾಕಬೇಕು?" ಎಂದೇ ಕೇಳುತ್ತಾರೆ. ತೊಳೆದದ್ದು ಹೇಗೆ ಎಂದು ನಾನು ಕೇಳುತ್ತೇನೆ.

ವೈನ್ ಸೋಸಿದ ದಿನವೇ ಪಾತ್ರೆ ತೊಳೆಯಿರಿ. ನೊರೆ ಏರಿ ಇಳಿದಲ್ಲಿ ಒಂದು ಕಂದು ಬಳೆ ಉಳಿಯುತ್ತದೆ. ಅದು ಒಣಗಿದರೆ ಕಲ್ಲಿನ ಹಾಗೆ. ಆಗ ಲೀಟರಿಗೆ 10 ಗ್ರಾಂನಷ್ಟು ವಾಷಿಂಗ್ ಸೋಡಾ ಹಾಕಿದ ಬೆಚ್ಚಗಿನ ನೀರು ತುಂಬಿಸಿ ರಾತ್ರಿಯಿಡೀ ಬಿಡಿ. ಅಡುಗೆ ಸೋಡಾ ಅಲ್ಲ, ವಾಷಿಂಗ್ ಸೋಡಾ. ಕೈಗೆ ಗ್ಲೌಸ್ ಇರಲಿ, ಅಲ್ಯೂಮಿನಿಯಂ ಪಾತ್ರೆಗೆ ಬೇಡ. ಬೆಳಿಗ್ಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಬರುತ್ತದೆ. ಆಮೇಲೆ ಸೋಡಾದ ಜಾರು ಹೋಗುವ ತನಕ ನೀರು ಹಾಕಿ. ಪ್ಲಾಸ್ಟಿಕ್ಕಿಗೆ ಸ್ಟೀಲ್ ಸ್ಕ್ರಬರ್, ತೆಂಗಿನ ನಾರು ಎರಡೂ ತಾಗಿಸಬೇಡಿ. ಒಂದೊಂದು ಗೀರೂ ಬ್ಯಾಕ್ಟೀರಿಯಾಕ್ಕೆ ಒಂದು ಮನೆ. ಆಂಟಿ ಡ್ರಮ್ಮನ್ನು ಉಜ್ಜಿದ್ದು ಸ್ಕ್ರಬರಿನಲ್ಲೇ. ಅದನ್ನು ಅಕ್ಕಿ ತುಂಬಿಸಿಡಲು ಬಳಸಿ ಎಂದೆ. ಅವರಿಗೆ ಬೇಸರವಾಯಿತು, ನನಗೂ ಆಯಿತು. ಆದರೆ ಬೇರೆ ದಾರಿ ಇರಲಿಲ್ಲ. ಭರಣಿಯೂ ಅಷ್ಟೇ. ಒಳಗಿನ ಹೊಳಪು ಬಿರುಕು ಬಿಟ್ಟಿದ್ದರೆ, ಅಥವಾ ಉಪ್ಪಿನಕಾಯಿ ಹಾಕಿದ ಭರಣಿಯಾದರೆ ವೈನಿಗೆ ಬೇಡವೇ ಬೇಡ.

ನಲ್ಲಿಯನ್ನು ಪ್ರತಿ ಸಲವೂ ಪೂರ್ತಿ ಬಿಚ್ಚಿ, ವಾಷರ್ ಸಮೇತ ಅದೇ ಸೋಡಾ ನೀರಿನಲ್ಲಿ ನೆನೆಸಿಡಿ.

ಇನ್ನು ಸ್ಯಾನಿಟೈಸ್ ಮಾಡುವ ಮಾತು. ಕುದಿಯುವ ನೀರು ಸುರಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಗಾಜು ಒಡೆಯುತ್ತದೆ. ಬ್ಲೀಚ್ ಅಗ್ಗ, ಕೆಲಸವೂ ಮಾಡುತ್ತದೆ. ವಾಸನೆ ಸೇರಿಸದ ಬ್ಲೀಚನ್ನು ಲೀಟರಿಗೆ 4 ಮಿ.ಲೀ. ಹಾಕಿ 20 ನಿಮಿಷ ಬಿಡಬೇಕು. ಆದರೆ ಸ್ವಲ್ಪ ಉಳಿದರೂ ಅದು ಹಣ್ಣಿನ ಫಿನಾಲ್‌ಗಳ ಜೊತೆ ಸೇರಿ ವೈನಿಗೆ ಬ್ಯಾಂಡೇಜ್ ವಾಸನೆ ಕೊಡುತ್ತದೆ. ಸ್ಟೀಲಿನಲ್ಲಿ ಗುಳಿ ಬೀಳಿಸುತ್ತದೆ. ಬ್ಲೀಚಿಗೆ ವಿನೆಗರ್ ಬೆರೆಸಲೇಬೇಡಿ. ವಿಷದ ಕ್ಲೋರಿನ್ ಗಾಳಿ ಏಳುತ್ತದೆ, ಜೀವಕ್ಕೇ ಅಪಾಯ.

ನಾನು ಬಳಸುವುದು ಸ್ಟಾರ್ ಸ್ಯಾನ್. ಫಾಸ್ಫರಿಕ್ ಆಮ್ಲ ಇರುವ ದ್ರಾವಣ. 19 ಲೀಟರ್ ನೀರಿಗೆ 30 ಮಿ.ಲೀ. ಒಳಮೈ ಪೂರ್ತಿ ಒಂದು ನಿಮಿಷ ಒದ್ದೆಯಾಗಿದ್ದರೆ ಸಾಕು. ಬಗ್ಗಿಸಿ ಚೆಲ್ಲಿ, ಉಳಿದ ನೊರೆಯ ಮೇಲೆಯೇ ರಸ ಸುರಿಯಿರಿ. ನೊರೆ ಕಂಡು ಹೆದರಿ ಬಾವಿ ನೀರಿನಲ್ಲಿ ಮತ್ತೆ ತೊಳೆಯುವವರೇ ಜಾಸ್ತಿ. ಶುರುವಿನಲ್ಲಿ ನಾನೂ ಹಾಗೇ ಮಾಡಿ ಒಂದು ಡ್ರಮ್ ಹಾಳು ಮಾಡಿದ್ದೇನೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಬಾವಿಗೆ ಮಳೆಗಾಲದಲ್ಲಿ ಅಂಗಳದ ನೀರೂ ಇಳಿಯುತ್ತದೆ. ಕೊಂದ ಜೀವಿಗಳನ್ನು ಕೊಡದಲ್ಲಿ ಮತ್ತೆ ತಂದು ಸುರಿದ ಹಾಗೆ ಅದು, ಅಲ್ವಾ? ಬ್ಲೀಚ್ ಬಳಸಿದರೆ ಮಾತ್ರ ತೊಳೆಯಲೇಬೇಕು, ಅದೂ ಕುದಿಸಿ ಆರಿಸಿದ ನೀರಿನಲ್ಲಿ. ಅಡುಗೆಮನೆಯ ಬಟ್ಟೆಯಲ್ಲಿ ಒರೆಸಬೇಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಏನೂ ಸರಿಯಾಗಿ ಒಣಗುವುದಿಲ್ಲ. ಮುಚ್ಚಳ ಬಿಗಿದು ಅಟ್ಟಕ್ಕೆ ಹಾಕಿದ ಡ್ರಮ್ಮಿನ ಒಳಗೆ ಬೂಷ್ಟು ಬಂದೇ ಬರುತ್ತದೆ. ಮುಚ್ಚಳ, ನಲ್ಲಿ ಎಲ್ಲ ಬೇರೆ ಬೇರೆ ಇಟ್ಟು, ಡ್ರಮ್ಮನ್ನು ಎರಡು ಕೋಲಿನ ಮೇಲೆ ಬೋರಲು ಹಾಕಿ. ಅಕ್ಟೋಬರ್‌ನಲ್ಲಿ ಒಳಗೆ ಬಿಸಿನೀರು ಹಾಕಿ, ಮುಚ್ಚಿಟ್ಟು, ಮರುದಿನ ಮೂಸಿ ನೋಡಿ. ಹಳೆ ವಾಸನೆ ಬಂದರೆ ಮತ್ತೆ ಸೋಡಾದಿಂದಲೇ ಶುರು ಮಾಡಿ.