ಸೆನ್ಸರ್ ಕೆಟ್ಟಿಲ್ಲ, ಫೈಬರಿನ ತುದಿ ನೋಡಿ

ಬ್ಯಾಡಗಿ ಕಡೆಯ ಖಾರದಪುಡಿ ಪ್ಯಾಕಿಂಗ್ ಘಟಕಗಳಿಂದ ಹುಬ್ಬಳ್ಳಿಯ ನಮ್ಮ ವರ್ಕ್‌ಶಾಪಿಗೆ ಬರುವ ದೂರು ನನಗೀಗ ಬಾಯಿಪಾಠವಾಗಿದೆ: "ಸೆನ್ಸರ್ ಹೋಗಿದೆ ಸರ್, ಪೊಟ್ಟಣಗಳ ಲೆಕ್ಕ ತಪ್ಪುತ್ತಿದೆ." ಬಿಚ್ಚಿ ನೋಡಿದರೆ, ಬೆಳಕಿನ ಸಹಾಯದಿಂದ ಪೊಟ್ಟಣ ಎಣಿಸುವ ಆ ಸೆನ್ಸರಿಗೆ ಏನೂ ಆಗಿರುವುದಿಲ್ಲ. ಅದರ ಬೆಳಕು ಒಯ್ಯುವ ಪ್ಲಾಸ್ಟಿಕ್ ಫೈಬರನ್ನು (ಎಳೆಯನ್ನು) ಯಾರೋ ವೈರ್ ಕಟರ್‌ನಲ್ಲಿ ಕಚಕ್ಕನೆ ಕತ್ತರಿಸಿರುತ್ತಾರೆ.

ತಾಮ್ರದ ತಂತಿಗೆ ಅದು ನಡೆಯುತ್ತದೆ, ಬೆಳಕಿಗೆ ನಡೆಯುವುದಿಲ್ಲ. ಈ ಫೈಬರ್ ಸಾಮಾನ್ಯವಾಗಿ 1 ಮಿ.ಮೀ. ದಪ್ಪ, ಹೆಚ್ಚುಕಡಿಮೆ ಅಷ್ಟೂ ಅಕ್ರಿಲಿಕ್ ತಿರುಳು, ಸುತ್ತ ತೀರ ತೆಳುವಾದ ಹೊದಿಕೆ. ನುಣುಪಾದ ತುದಿಯಲ್ಲೇ ಶೇ. 4ರಷ್ಟು ಬೆಳಕು ಹಿಂದಕ್ಕೆ ಪ್ರತಿಫಲಿಸಿ ಹೋಗುತ್ತದೆ, ಅದನ್ನು ತಪ್ಪಿಸಲಾಗದು. ಜಜ್ಜಿದ ತುದಿಯಲ್ಲಿ ಉಳಿದದ್ದೂ ದಿಕ್ಕಾಪಾಲಾಗುತ್ತದೆ. ಇಂಟರ್ನೆಟ್ ಕೇಬಲಿನ ಗಾಜಿನ ಫೈಬರ್ ಆದರೆ ಗೀರು ಹಾಕಿ ಎಳೆದರೆ ಸಾಕು, ನುಣ್ಣಗೆ ಮುರಿಯುತ್ತದೆ. ಪ್ಲಾಸ್ಟಿಕ್ ಹಾಗಲ್ಲ; ಕೊಯ್ಯಲೇಬೇಕು.

ಸೆನ್ಸರಿನ ಡಬ್ಬಿಯಲ್ಲಿ ನಾಲ್ಕಾರು ತೂತುಗಳ ಪುಟ್ಟ ಕಟರ್ ಬಂದಿರುತ್ತದೆ. ಅದನ್ನು ಡಬ್ಬಿಯ ಜೊತೆಗೇ ಕಸಕ್ಕೆ ಎಸೆಯುವವರೇ ಹೆಚ್ಚು. ಒಂದು ತೂತಿನಲ್ಲಿ ಒಂದೇ ಸಲ ಕತ್ತರಿಸಬೇಕು. ಎರಡನೇ ಸಲಕ್ಕೆ ಅಲ್ಲಿ ಬ್ಲೇಡಿನ ಮೊನಚು ಮೊದಲಿನಂತಿರುವುದಿಲ್ಲ. ಕಟರ್ ಇಲ್ಲವೇ, ಹೊಸ ಶೇವಿಂಗ್ ಬ್ಲೇಡ್ ಆಗುತ್ತದೆ. ಫೈಬರನ್ನು ಸಮತಟ್ಟಾದ ಹಲಗೆಯ ಮೇಲಿಟ್ಟು, ಬ್ಲೇಡನ್ನು ನೆಟ್ಟಗೆ ಹಿಡಿದು ಒಂದೇ ಸಲ ಒತ್ತಿ. ಗರಗಸದಂತೆ ಹಿಂದೆ ಮುಂದೆ ಎಳೆಯಬೇಡಿ.

ಕತ್ತರಿಸಿದ ಮೇಲೆ ಇನ್ನೊಂದು ತುದಿಯನ್ನು ಟ್ಯೂಬ್‌ಲೈಟಿಗೆ ಹಿಡಿದು, ಈ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಇಡೀ ವೃತ್ತ ಒಂದೇ ಸಮ ಬೆಳಗಬೇಕು. ಬ್ಲೇಡ್ ಹೊರಬಂದ ಅಂಚಿನಲ್ಲಿ ಬಿಳಿ ಚಂದ್ರರೇಖೆ ಕಂಡರೆ ಅಲ್ಲಿ ಪ್ಲಾಸ್ಟಿಕ್ ಹರಿದಿದೆ, ಚಕ್ಕೆ ಎದ್ದಿದೆ ಎಂದರ್ಥ. ಉದ್ದ ಸಾಕಷ್ಟಿದ್ದರೆ ಮತ್ತೆ ಕತ್ತರಿಸಿ. ಇಲ್ಲದಿದ್ದರೆ 1000, ಆಮೇಲೆ 2000 ನಂಬರಿನ ನೀರುಕಾಗದದ (ನೀರು ಹಾಕಿ ತಿಕ್ಕುವ ನುಣುಪು ಉಜ್ಜುಕಾಗದದ) ಮೇಲೆ ತುದಿಯನ್ನು ನೆಟ್ಟಗೆ ನಿಲ್ಲಿಸಿ, ಇಂಗ್ಲಿಷಿನ 8ರ ಆಕಾರದಲ್ಲಿ ಹಗುರವಾಗಿ ತಿಕ್ಕಿ. ಬಿಸಿ ಬ್ಲೇಡಿನಿಂದ ಕತ್ತರಿಸುವ ಪದ್ಧತಿಯೂ ಇದೆ, ಆದರೆ ಬಿಸಿ ಮೀರಿದರೆ ಅಕ್ರಿಲಿಕ್ ಮೆತ್ತಗಾಗಿ ಮೆತ್ತಿಕೊಳ್ಳುತ್ತದೆ. ನಾನು ಅದನ್ನು ಹೇಳಿಕೊಡುವುದಿಲ್ಲ.

ತುದಿಗೆ ಖಾರದಪುಡಿ ಕೂತಿದ್ದರೆ ಸಾಬೂನು ನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆ ಸಾಕು. ಥಿನ್ನರ್, ಅಸಿಟೋನ್ ಹತ್ತಿರ ಸುಳಿಯಬಾರದು. ಅಕ್ರಿಲಿಕ್ಕಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಇನ್ನೊಂದು ಮಾತು ಆಪರೇಟರುಗಳಿಗೆ: ಬೆಳಕು ಕಡಿಮೆಯಾಯಿತೆಂದು ಆಂಪ್ಲಿಫೈಯರಿನ (ಫೈಬರಿನಿಂದ ಬಂದ ಬೆಳಕಿನ ಸಂಕೇತವನ್ನು ಹಿಗ್ಗಿಸುವ ಭಾಗದ) ತಿರುಪನ್ನು ಕೊನೆಯವರೆಗೆ ತಿರುಗಿಸಿಡಬೇಡಿ. ಆ ದಿನ ಯಂತ್ರ ಓಡುತ್ತದೆ. ಮರುದಿನ ಸ್ವಲ್ಪ ಧೂಳು ಕೂತರೂ ಮತ್ತೆ ಲೆಕ್ಕ ತಪ್ಪುತ್ತದೆ, ತಿರುಗಿಸಲು ತಿರುಪು ಮಾತ್ರ ಉಳಿದಿರುವುದಿಲ್ಲ.